ಹೋಗಿ ಬರುವವರ ರಹದಾರಿ

ನಮ್ಮ ಕಡೆ ಮನೆಯ ಹೊಸಿಲು ದಾಟುವವರು ‘ಹೋಗುತ್ತೇನೆ’ ಎನ್ನುವ ವಾಡಿಕೆಯಿಲ್ಲ. ‘ಹೋಗಿ ಬರುತ್ತೇನೆ’ ಎನ್ನಬೇಕು. ಹೋಗುವ ಮಾತಿನೊಳಗೇ ಮರಳುವ ಮಾತೂ ಅಡಕವಾಗಿರಬೇಕೆಂಬುದು ಹಿರಿಯರು ಹಾಕಿಕೊಟ್ಟ ಪದ್ಧತಿ. ಆ ಮಾತಿಗೆ ಮನೆಯವರು ಯಾರೂ ಸಾಕ್ಷಿ ಕೇಳುವುದಿಲ್ಲ. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ತಾಯಿತಂದೆಯರು ದೂರದೇಶದಲ್ಲಿ ನೆಲೆಸಿದ ಮಕ್ಕಳನ್ನು ಕೆಲವು ಕಾಲ ನೋಡಿ ಬರೋಣವೆಂದು ಹೊರಟು, ವಿದೇಶೀ ರಾಯಭಾರ ಕಚೇರಿಯ ಕಿಟಕಿಯ ಮುಂದೆ ನಿಂತಾಗ, ಅದೇ ಮಾತಿಗೆ ಸಾಕ್ಷಿಯನ್ನು ಒದಗಿಸಬೇಕಾಗುತ್ತದೆ. ಹೊಲದ ಪಹಣಿ, ಪಿಂಚಣಿಯ ಕಾಗದ, ಬ್ಯಾಂಕಿನ ಪಾಸುಪುಸ್ತಕ, ಊರಿನಲ್ಲಿ ಉಳಿದ ಮಕ್ಕಳ ಮದುವೆಯ ಚಿತ್ರ, ಇವೆಲ್ಲ ಒಂದು ಚೀಲದೊಳಗೆ ಸೇರಿ, ‘ಈ ಜನ ಹಿಂದಿರುಗುತ್ತಾರೆ’ ಎಂದು ಹೇಳಲು ಸಿದ್ಧವಾಗಿರುತ್ತವೆ.

ಈ ಕಿಟಕಿಯ ಬಳಿ ಕೇಳುವ ಪ್ರಶ್ನೆಗಳು ಎಷ್ಟೇ ಇರಲಿ, ಅವುಗಳ ತಿರುಳು ಮೂರೇ. ನಿಮ್ಮ ಖರ್ಚಿನ ಹೊಣೆ ಯಾರದು? ಹೋಗುವ ಉದ್ದೇಶವೇನು? ಹೋದವರು ಹಿಂದಿರುಗುತ್ತೀರೆಂಬುದಕ್ಕೆ ಆಧಾರವೇನು? ಇವು ನಮ್ಮ ಕಾಲದ ಅಧಿಕಾರಿಗಳು ಹೊಸದಾಗಿ ಕಂಡುಹಿಡಿದ ಪ್ರಶ್ನೆಗಳೆಂದು ನಾವು ಭಾವಿಸುವುದುಂಟು. ಆದರೆ ಕಾವೇರಿಯ ಎರಡು ಕವಲುಗಳ ನಡುವಿನ ಶ್ರೀರಂಗಪಟ್ಟಣವೆಂಬ ನಡುಗಡ್ಡೆಯಿಂದ ಒಂದು ಕಾಲಕ್ಕೆ ರಾಯಭಾರಿಗಳು ಕಡಲು ದಾಟಿ ಹೋಗಿದ್ದರು. ಕಡಲಾಚೆಯವರು ಇಲ್ಲಿಗೂ ಬಂದಿದ್ದರು. ಅವರೆಲ್ಲರೂ ಈ ಮೂರು ಪ್ರಶ್ನೆಗಳನ್ನು ಬೇರೆ ಬೇರೆ ರೂಪದಲ್ಲಿ ಎದುರಿಸಿದವರೇ. ಆ ಚರಿತ್ರೆಯನ್ನು ನೆನೆದರೆ ಇಂದಿನ ಈ ಕಿಟಕಿಯ ಅರ್ಥ ನಮಗೆ ಇನ್ನಷ್ಟು ಸ್ಪಷ್ಟವಾದೀತು.

ಮೊದಲು ಮಾತಿನ ಚರಿತ್ರೆಯನ್ನೇ ನೋಡೋಣ. ‘ವೀಸಾ’ ಎಂಬುದು ಲ್ಯಾಟಿನ್ ಮೂಲದ ಶಬ್ದ. ‘ನೋಡಲ್ಪಟ್ಟದ್ದು’ ಎಂದು ಅದರ ಅರ್ಥ. ಅಧಿಕಾರಿ ಕಾಗದವನ್ನು ಕಂಡು ಒಪ್ಪಿದ್ದಾನೆ ಎಂಬುದಷ್ಟೇ ಅದರ ತಾತ್ಪರ್ಯ. ನಮ್ಮಲ್ಲಿ ಬಳಕೆಗೆ ಬಂದದ್ದು ‘ರಹದಾರಿ’ ಎಂಬ ಪಾರಸಿ ಮಾತು. ‘ರಾಹ್’ ಎಂದರೆ ದಾರಿ. ಸುಲ್ತಾನರ ಕಾಲದ ಆಡಳಿತದಿಂದ ಕನ್ನಡಕ್ಕೆ ಬಂದ ಈ ಪದ ದಾರಿಯ ಸುಂಕವನ್ನೂ, ದಾರಿಯಲ್ಲಿ ತಡೆಯದೆ ಬಿಡಬೇಕೆಂಬ ಅಪ್ಪಣೆಯ ಚೀಟಿಯನ್ನೂ ಸೂಚಿಸುತ್ತಿತ್ತು. ಅದಕ್ಕಿಂತ ಹಳೆಯದು ‘ಉಕ್ಕಡ’ ಎಂಬ ಅಚ್ಚಕನ್ನಡದ ಮಾತು. ಕೋಟೆಯ ಹೊರವಲಯದ ಕಾವಲಿನ ತಾಣ ಎಂದು ಅದರ ಅರ್ಥ. ಶ್ರೀರಂಗಪಟ್ಟಣದ ಸಮೀಪದ ಆರತಿ ಉಕ್ಕಡದ ಮಾರಮ್ಮನಿಗೆ ಹರಕೆ ಹೊತ್ತು ಹೋಗುವ ಭಕ್ತರ ಬಾಯಲ್ಲಿ ಆ ಮಾತು ಇಂದಿಗೂ ಉಳಿದಿದೆ.

ಇನ್ನೂ ಹಿಂದಕ್ಕೆ ಹೋದರೆ ಕೌಟಿಲ್ಯನ ಅರ್ಥಶಾಸ್ತ್ರ ಸಿಗುತ್ತದೆ. ಆ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟವರು ಆರ್. ಶಾಮಶಾಸ್ತ್ರಿಗಳು. ಅದರ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷಕದ ಶುಲ್ಕ ಪಡೆದು ಮುದ್ರೆಯನ್ನು ಕೊಡುವುದು ಅವನ ಕೆಲಸ. ಮುದ್ರೆಯುಳ್ಳವನು ಮಾತ್ರ ಜನಪದವನ್ನು ಪ್ರವೇಶಿಸಬಹುದು, ಅಥವಾ ಬಿಟ್ಟು ಹೋಗಬಹುದು. ಮುದ್ರೆಯಿಲ್ಲದೆ ಸಿಕ್ಕಿಬಿದ್ದ ಸ್ವದೇಶೀಯನಿಗೆ 12 ಪಣ ದಂಡ. ಕಳ್ಳಮುದ್ರೆಯ ಅಪರಾಧಕ್ಕಂತೂ ಸ್ವದೇಶೀಯನಿಗಿಂತ ಪರದೇಶೀಯನಿಗೆ ಹೆಚ್ಚಿನ ದಂಡ. ಶುಲ್ಕ, ಮುದ್ರೆ, ಪರದೇಶೀಯನ ಮೇಲಿನ ಅಧಿಕ ಸಂಶಯ, ಈ ಮೂರೂ ಅಂದೇ ಶಾಸ್ತ್ರದಲ್ಲಿ ಸ್ಥಾನ ಪಡೆದಿದ್ದವು.

ಇನ್ನು ಶ್ರೀರಂಗಪಟ್ಟಣಕ್ಕೆ ಬರೋಣ. 1779ರಲ್ಲಿ ಮದರಾಸಿನ ಇಂಗ್ಲಿಷರು ಹೈದರಾಲಿಯ ಮನಸ್ಸನ್ನು ಅರಿಯಲೆಂದು ಶ್ವಾರ್ಟ್ಸ್ ಎಂಬ ಜರ್ಮನ್ ಪಾದ್ರಿಯನ್ನು ಕಳುಹಿಸಿದರು. ತಿರುಚಿನಾಪಳ್ಳಿಯಿಂದ ಹೊರಟ ಆತ, ಅಂದು ಮೈಸೂರಿನ ಗಡಿಯಾಗಿದ್ದ ಕರೂರಿನಲ್ಲಿ ಕೆಲವು ವಾರ ತಂಗಿದ್ದು, ಆಮೇಲೆ ಮುಂದೆ ಸಾಗಿ ಆಗಸ್ಟ್ ತಿಂಗಳಿನಲ್ಲಿ ಶ್ರೀರಂಗಪಟ್ಟಣವನ್ನು ಸೇರಿದ. ಇಂಗ್ಲಿಷರನ್ನು ಎಂದೂ ನಂಬದ ಹೈದರಾಲಿ ಈ ಪಾದ್ರಿಯನ್ನು ನಂಬಿದ್ದು ಅವನ ಕಾಗದಪತ್ರಗಳ ಬಲದಿಂದಲ್ಲ. ಅವನ ನಡತೆಯ ಕೀರ್ತಿ ಅವನಿಗಿಂತ ಮುಂಚೆ ಇಲ್ಲಿಗೆ ಬಂದು ಮುಟ್ಟಿದ್ದರಿಂದ. ಅಂದು ಮದರಾಸಿನ ಕಡೆಯವನು ಮೈಸೂರಿನ ಗಡಿಯಲ್ಲಿ ಕಾದ. ಇಂದು ಮೈಸೂರು ಸೀಮೆಯವರು ಚೆನ್ನೈಗೆ ಹೋಗಿ ಕಾಯುತ್ತಾರೆ. ಚರಿತ್ರೆಯ ಚಕ್ರ ಒಂದು ಸುತ್ತು ತಿರುಗಿತೆಂದರೆ ಹೀಗೆಯೇ.

ಮರಳಿ ಬರುವ ಪ್ರಶ್ನೆಯನ್ನು ಅತ್ಯಂತ ದಾರುಣವಾಗಿ ಎದುರಿಸಿದ್ದು ಟಿಪ್ಪು ಸುಲ್ತಾನ್ ತುರ್ಕಿಗೆ ಕಳುಹಿಸಿದ ರಾಯಭಾರ. ಗುಲಾಮ್ ಅಲಿ ಖಾನ್, ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್, ಜಾಫರ್ ಖಾನ್ ಎಂಬ ನಾಲ್ವರು 1785ರ ಕೊನೆಯಲ್ಲಿ ರಾಜಧಾನಿಯನ್ನು ಬಿಟ್ಟು, 1786ರ ಮಾರ್ಚಿಯಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಹೊರಟರು. ಜತೆಗೆ ಕಾರಕೂನರು, ಸಿಪಾಯಿಗಳು, ಅಡಿಗೆಯವರು, ಆಳುಕಾಳುಗಳು ಸೇರಿ ಸುಮಾರು 900 ಮಂದಿ. ಹಡಗಿನ ಒಡಲಲ್ಲಿ ಮೆಣಸು, ಏಲಕ್ಕಿ, ಶ್ರೀಗಂಧ, ಬಟ್ಟೆಬರೆ. ಕಾಣಿಕೆಗೆಂದು ನಾಲ್ಕು ಆನೆಗಳು. ಸುಲ್ತಾನನ ಅರಸುತನಕ್ಕೆ ಖಲೀಫನ ಮನ್ನಣೆ ದೊರಕಿಸುವುದು, ವ್ಯಾಪಾರದ ಕೋಠಿಗಳಿಗೆ ಅನುಮತಿ ಪಡೆಯುವುದು, ಇಂಗ್ಲಿಷರ ವಿರುದ್ಧ ನೆರವು ಕೇಳುವುದು, ಇವು ಅವರ ಉದ್ದೇಶಗಳು.

ಮಸ್ಕತ್ತಿನ ಮಾರ್ಗವಾಗಿ ಅವರು ಬಸ್ರಾ ಬಂದರನ್ನು ಸೇರಿದ ಮೇಲೆ ಕಾಯುವ ಪರ್ವ ಮೊದಲಾಯಿತು. ತುರ್ಕಿಯ ಸಾಮ್ರಾಜ್ಯದ ಹೊಸಿಲು ಅದು. ಮುಂದೆ ಹೋಗಬೇಕಾದರೆ ಬಾಗ್ದಾದಿನ ಪಾಷಾನ ಮೂಲಕ ಕಾನ್‌ಸ್ಟಾಂಟಿನೋಪಲ್ಲಿನ ಅಪ್ಪಣೆ ಬರಬೇಕು. ತಿಂಗಳುಗಟ್ಟಲೆ ಅವರು ಅಲ್ಲಿ ಉಳಿದರು. ರಾಯಭಾರದ ಕಾರ್ಯದರ್ಶಿ ಖ್ವಾಜಾ ಅಬ್ದುಲ್ ಖಾದಿರ್ ಆ ದಿನಗಳ ವೃತ್ತಾಂತವನ್ನು ಪಾರಸಿಯಲ್ಲಿ ಬರೆದಿಟ್ಟಿದ್ದಾನೆ. ದೇಶಾಂತರಕ್ಕೆ ಹೊರಟು ಅಪ್ಪಣೆಗಾಗಿ ಕಾದ ಕನ್ನಡನಾಡಿನ ಜನರ ಇಷ್ಟು ವಿವರವಾದ ದಿನಚರಿ ಆ ಶತಮಾನದಲ್ಲಿ ಇನ್ನೊಂದು ಸಿಗುವುದು ಕಷ್ಟ. ಕಡೆಗೆ 1787ರ ಸೆಪ್ಟೆಂಬರಿನಲ್ಲಿ ಕಾನ್‌ಸ್ಟಾಂಟಿನೋಪಲ್ ಕಂಡಿತು. ಸುಲ್ತಾನ್ ಅಬ್ದುಲ್ ಹಮೀದ್ ಅವರನ್ನು ಬರಮಾಡಿಕೊಂಡ. ಮನ್ನಣೆಯ ಪತ್ರವೇನೋ ದೊರೆಯಿತು, ಸೈನ್ಯದ ನೆರವು ದೊರೆಯಲಿಲ್ಲ. ಆನೆಗಳಲ್ಲಿ ಒಂದೂ ಗುರಿ ಮುಟ್ಟಲಿಲ್ಲ. ಹಡಗುಗಳಲ್ಲಿ ಕೆಲವು ಹಾಳಾದವು. ಪ್ಲೇಗು ಮತ್ತಿತರ ರೋಗಗಳು ಪರಿವಾರವನ್ನು ಕರಗಿಸಿದವು. ಈಜಿಪ್ಟಿನ ಮೇಲೆ, ಮೆಕ್ಕಾದ ಯಾತ್ರೆಯನ್ನೂ ಮುಗಿಸಿ, 1789ರ ಡಿಸೆಂಬರಿನಲ್ಲಿ ಕಲ್ಲಿಕೋಟೆಗೆ ಬಂದಿಳಿದವರು ಹೊರಟವರಲ್ಲಿ ತೀರ ಸ್ವಲ್ಪ ಮಂದಿ. ಆ 900 ಮಂದಿಯೂ ಮನೆಯಿಂದ ಹೊರಡುವಾಗ ಹೋಗಿ ಬರುತ್ತೇವೆಂದೇ ಹೇಳಿ ಹೊರಟಿದ್ದವರು. ಅವರ ಸಂಕಲ್ಪದಲ್ಲಿ ದೋಷವಿರಲಿಲ್ಲ. ದಾರಿ ಅವರನ್ನು ಮರಳಗೊಡಲಿಲ್ಲ.

ಖರ್ಚಿನ ಹೊಣೆ ಯಾರದೆಂಬ ಪ್ರಶ್ನೆಗೆ ಫ್ರಾನ್ಸಿನ ರಾಯಭಾರ ಒಂದು ನಿದರ್ಶನ. ತುರ್ಕಿಗೆ ಹೋದವರು ಇನ್ನೂ ದಾರಿಯಲ್ಲಿರುವಾಗಲೇ ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು 1787ರ ಜುಲೈಯಲ್ಲಿ ಪುದುಚೇರಿಯಿಂದ ಫ್ರೆಂಚ್ ಹಡಗನ್ನೇರಿ, 1788ರ ಜೂನ್ 9ರಂದು ತೂಲೋನ್ ಬಂದರಿನಲ್ಲಿ ಇಳಿದರು. ಸೈನ್ಯದ ನೆರವಿನ ಜತೆಗೆ ಅವರು ಕೇಳಿದ್ದು ಕುಶಲಕರ್ಮಿಗಳನ್ನು: ಗಡಿಯಾರ ಮಾಡುವವರು, ಗಾಜಿನವರು, ಪಿಂಗಾಣಿಯವರು, ಫಿರಂಗಿ ಎರಕ ಹೊಯ್ಯುವವರು. ಅವರ ಊಟ ವಸತಿಗಳ ಭಾರವನ್ನು ಫ್ರೆಂಚ್ ಅರಸೊತ್ತಿಗೆಯೇ ಹೊತ್ತಿತು. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ಅವರಿಗೆ ವೈಭವದ ದರ್ಶನ ಕೊಟ್ಟ. ಅದಾದ ಆರನೆಯ ದಿನ, ಆಗಸ್ಟ್ 16ರಂದು, ಅದೇ ಅರಸನ ಬೊಕ್ಕಸ ತನ್ನ ಸಾಲಗಳ ಪಾವತಿಯನ್ನು ನಿಲ್ಲಿಸಿತು! ಅತಿಥಿಯ ಆಸ್ತಿಯನ್ನು ಪರೀಕ್ಷಿಸುವವರು ಆತಿಥೇಯನ ಬೊಕ್ಕಸವನ್ನೂ ಒಮ್ಮೆ ನೋಡಬೇಕಾದೀತೆಂದು ಇದರಿಂದ ತೋರುತ್ತದೆ. ಮರುವರ್ಷವೇ ಮಹಾಕ್ರಾಂತಿ. ನೆರವಿನ ದೊಡ್ಡ ಮಾತುಗಳೇನೂ ದಕ್ಕದಿದ್ದರೂ ಕೆಲವು ಕುಶಲಕರ್ಮಿಗಳೊಡನೆ ರಾಯಭಾರಿಗಳು 1789ರಲ್ಲಿ ಮರಳಿ ಬಂದರು.

ಪ್ಯಾರಿಸ್ಸಿನಲ್ಲಿದ್ದಾಗ ದರ್ವೇಶ್ ಖಾನನ ಆಳೆತ್ತರದ ಚಿತ್ರವನ್ನು ವಿಜೇ ಲೆ ಬ್ರೂನ್ ಎಂಬ ಹೆಸರಾಂತ ಕಲಾವಿದೆ ಬರೆದಳು. ಆ ಚಿತ್ರ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಹೋಯಿತು. ಶ್ರೀರಂಗಪಟ್ಟಣದ ರಾಯಭಾರಿಯ ಚಿತ್ರಪಟಕ್ಕೆ ಅಮೆರಿಕದ ಬಾಗಿಲು ಸಲೀಸಾಗಿ ತೆರೆಯಿತು. ಅದೇ ಊರಿನ ಒಬ್ಬ ನಿವೃತ್ತ ಮೇಷ್ಟರಿಗೆ ಅದು ತೆರೆಯುವುದು ಅಷ್ಟು ಸುಲಭವಲ್ಲ.

ಹೊರಗಿನವರು ಇಲ್ಲಿಗೆ ಬಂದು ನೆಲೆಸಿದ ಕುರುಹು ಪಾಂಡವಪುರದ ಹೆಸರಿನಲ್ಲಿಯೇ ಇದೆ. ಹಿರೋಡೆ ಎಂಬ ಹಳೆಯ ಊರು ಬಹುಕಾಲ ಫ್ರೆಂಚ್ ರಾಕ್ಸ್ ಎಂದು ಕರೆಸಿಕೊಂಡಿತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿಯ ಬಂಡೆಗಳ ಬಳಿ ಪಾಳೆಯ ಹೂಡಿದ್ದರಿಂದ ಬಂದ ಹೆಸರದು. ಕುಂತಿಬೆಟ್ಟದ ಐತಿಹ್ಯವನ್ನು ನೆನಪಿಸುವ ಪಾಂಡವಪುರವೆಂಬ ಹೆಸರು ರೂಢಿಯಾದದ್ದು ಆಮೇಲೆ. ವನವಾಸದಲ್ಲಿ ಪರಸ್ಥಳದಲ್ಲಿ ತಂಗಿದ್ದ ಪಾಂಡವರ ಹೆಸರು, ಪರದೇಶದಿಂದ ಬಂದು ತಂಗಿದ್ದ ಸೈನಿಕರ ಹೆಸರಿನ ಜಾಗಕ್ಕೆ ಬಂತು. ಎರಡೂ ತಾತ್ಕಾಲಿಕ ನಿವಾಸಿಗಳ ನೆನಪೇ.

ಉದ್ದೇಶವೇನು ಎಂಬ ಪ್ರಶ್ನೆಗೆ ಚರಿತ್ರೆಯಲ್ಲಿ ತೆತ್ತ ಬೆಲೆ ಎಷ್ಟೆಂಬುದನ್ನು ಮೂರನೆಯ ಪ್ರಸಂಗ ತಿಳಿಸುತ್ತದೆ. 1797ರ ಕೊನೆಗೆ ಟಿಪ್ಪು ಹಸನ್ ಅಲಿ, ಶೇಖ್ ಇಬ್ರಾಹಿಂ ಎಂಬಿಬ್ಬರನ್ನು ಫ್ರೆಂಚರ ವಶದಲ್ಲಿದ್ದ ಮಾರಿಷಸ್ ದ್ವೀಪಕ್ಕೆ ಕಳುಹಿಸಿದ. ಅವರು ವರ್ತಕರಂತೆ ಗುಟ್ಟಾಗಿ ಹೋಗಿ ಬರಬೇಕೆಂಬುದು ಏರ್ಪಾಡು. ಆದರೆ ಅಲ್ಲಿಯ ಗವರ್ನರ್ ಮಾಲಾರ್ತಿಕ್ ಅವರನ್ನು ಬಹಿರಂಗವಾಗಿ ಸ್ವಾಗತಿಸಿದ್ದಲ್ಲದೆ, 1798ರ ಜನವರಿ 30ರಂದು ಒಂದು ಘೋಷಣೆಯನ್ನೇ ಹೊರಡಿಸಿ, ಟಿಪ್ಪುವಿನ ಪರವಾಗಿ ಇಂಗ್ಲಿಷರ ಮೇಲೆ ಹೋರಾಡಲು ಸ್ವಯಂಸೇವಕರು ಬೇಕೆಂದು ಸಾರಿಬಿಟ್ಟ. ಮಂಗಳೂರಿಗೆ ಬಂದಿಳಿದವರು ನೂರರಷ್ಟು ಮಂದಿ. ಘೋಷಣೆಯ ಪ್ರತಿ ಮಾತ್ರ ಕಲ್ಕತ್ತೆಯನ್ನು ಮುಟ್ಟಿ, ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧದ ನೆಪವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು ನಿಜ. ಆದರೂ ಹೇಳಿದ ಉದ್ದೇಶವೊಂದು, ಒಳಗಿನ ಉದ್ದೇಶವೊಂದು ಆದಾಗ ಒಂದು ಪ್ರಯಾಣ ಎಷ್ಟು ದುಬಾರಿಯಾಗಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ಸೀಮೆಯಲ್ಲಿಲ್ಲ.

ರಾಜಧಾನಿ ಮೈಸೂರಿಗೆ ಹೋಯಿತು. ಸಂಸ್ಥಾನದ ವಿದೇಶ ವ್ಯವಹಾರ ಇಂಗ್ಲಿಷರ ಕೈ ಸೇರಿತು; ಮೈಸೂರಿನ ಪ್ರಜೆ ಕಾನೂನಿನ ಭಾಷೆಯಲ್ಲಿ ‘ಬ್ರಿಟಿಷ್ ರಕ್ಷಿತ ವ್ಯಕ್ತಿ’ಯಾದ. ಆ ಕಾಲದಲ್ಲಿಯೂ ಸಾಮಾನ್ಯನ ಪ್ರಯಾಣಕ್ಕೆ ಇಂದಿನಷ್ಟು ಕಾಗದಗಳ ಕಟ್ಟಿರಲಿಲ್ಲ. ಲೋಕಕ್ಕೆಲ್ಲ ಪಾಸ್‌ಪೋರ್ಟಿನ ಕಡ್ಡಾಯ ಬಂದದ್ದು ಮೊದಲನೆಯ ಮಹಾಯುದ್ಧದಿಂದ. ಯುದ್ಧ ಮುಗಿಯಿತು, ಕಡ್ಡಾಯ ಮುಗಿಯಲಿಲ್ಲ. 1920ರಲ್ಲಿ ಇಂಡಿಯಾದಲ್ಲಿಯೂ ಪಾಸ್‌ಪೋರ್ಟ್ ಕಾಯಿದೆ ಜಾರಿಗೆ ಬಂತು. ಹೊರಡುವ ಮುನ್ನವೇ ಪರದೇಶದ ಕಾನ್ಸಲನಿಂದ ವೀಸಾ ಪಡೆಯಬೇಕೆಂಬ ಅಮೆರಿಕದ ಪದ್ಧತಿ 1924ರ ಕಾಯಿದೆಯಿಂದ ಗಟ್ಟಿಯಾಯಿತು. ಬ್ರಿಟನ್ನಿಗೆ ನೋಡಿ ಬರಲು ಹೋಗುವ ಭಾರತೀಯರಿಗಂತೂ 1986ರವರೆಗೂ ವೀಸಾ ಮುಂಚಿತವಾಗಿ ಬೇಕಿರಲಿಲ್ಲ. ಸ್ವತಂತ್ರ ಭಾರತದಲ್ಲಿ, ಪರದೇಶಕ್ಕೆ ಹೋಗುವುದು ಪ್ರಜೆಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟು 1967ರಲ್ಲಿ ತೀರ್ಪಿತ್ತಿತು; ಅದೇ ವರ್ಷ ಹೊಸ ಪಾಸ್‌ಪೋರ್ಟ್ ಕಾಯಿದೆ ಬಂತು. ಅಂದರೆ ಮನೆಯಿಂದ ಹೊರಡುವುದು ಹಕ್ಕು. ಇನ್ನೊಬ್ಬರ ಮನೆಯನ್ನು ಹೊಗುವುದು ಅವರ ಅನುಗ್ರಹ. ಈ ಎರಡರ ನಡುವಿನ ಅಂತರದಲ್ಲಿಯೇ ಆ ಕಿಟಕಿ ಇರುವುದು.

ಈ ನಾಲ್ಕು ತಾಲ್ಲೂಕುಗಳ ಜನ ಆ ಕಿಟಕಿಗೆ ಹೋಗಿ ನಿಲ್ಲುವಂತಾದದ್ದಕ್ಕೆ ನೀರಿನ ಪಾಲೂ ಉಂಟು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯಿಂದ ಇರ್ವಿನ್ ನಾಲೆ, ಇಂದಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಸೀಮೆಗೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ಕಬ್ಬು ಮತ್ತು ಭತ್ತದ ದುಡ್ಡು ಮಕ್ಕಳನ್ನು ಓದಿಗೆ ಹಚ್ಚಿತು. 1962ರಲ್ಲಿ ಮಂಡ್ಯದಲ್ಲಿಯೇ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ನಾಲೆಯ ಭಾಗ್ಯ ಕಡಮೆಯಾಗಿದ್ದ, ರಾಗಿ ತೆಂಗುಗಳನ್ನೇ ನೆಚ್ಚಿದ ನಾಗಮಂಗಲ ತಾಲ್ಲೂಕಿನಲ್ಲಿಯೂ ಆದಿಚುಂಚನಗಿರಿ ಮಠದ ವಿದ್ಯಾಸಂಸ್ಥೆಗಳು ಬೆಳೆದು, 1986ರಲ್ಲಿ ವೈದ್ಯಕೀಯ ಕಾಲೇಜೇ ಬಂತು. ಅತ್ತ ಅಮೆರಿಕ 1965ರ ಕಾಯಿದೆಯಿಂದ ಏಷ್ಯಾದವರಿಗಿದ್ದ ಹಳೆಯ ನಿರ್ಬಂಧಗಳನ್ನು ತೆಗೆದಿತ್ತು. 1946ರ ಕಾನೂನು ಭಾರತೀಯರಿಗೆ ಕೊಟ್ಟಿದ್ದುದು ವರ್ಷಕ್ಕೆ ಕೇವಲ 100 ಮಂದಿಯ ಅವಕಾಶ. ಹೀಗೆ ಇತ್ತಣ ನಾಲೆ, ಅತ್ತಣ ಕಾಯಿದೆ ಎರಡೂ ಸೇರಿ ಮಕ್ಕಳನ್ನು ಕೊಂಡೊಯ್ದವು. ಮಕ್ಕಳ ಹಿಂದೆ ಹೆತ್ತವರ ಪ್ರಯಾಣ.

ಈ ಹೆತ್ತವರ ಪೀಳಿಗೆಯ ಪ್ರವಾಸ ಕನ್ನಡ ಸಾಹಿತ್ಯದಲ್ಲಿಯೂ ಒಂದು ಹಾದಿಯನ್ನು ತೆರೆಯಿತು. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು ಇಳಿವಯಸ್ಸಿನಲ್ಲಿ ಕೈಗೊಂಡ ಪ್ರವಾಸದ ಫಲ ‘ಅಪರವಯಸ್ಕನ ಅಮೆರಿಕಾ ಯಾತ್ರೆ’. ಹೇಮಾವತಿಯ ದಡದ ಇನ್ನೊಬ್ಬ ಹಿರಿಯರಾದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕಾದಲ್ಲಿ ಗೊರೂರು’ ಕೃತಿಗೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಇಬ್ಬರೂ ಹೋದರು, ನೋಡಿದರು, ಮರಳಿ ಬಂದು ಬರೆದರು. ಮರಳಿ ಬಂದುದಕ್ಕೆ ಪುಸ್ತಕಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಆದರೆ ಕಾನೂನು ಪುಸ್ತಕವನ್ನು ಓದುವುದಿಲ್ಲ. ಅಮೆರಿಕದ 1952ರ ಕಾಯಿದೆಯ ಒಂದು ನಿಯಮ ಹೀಗಿದೆ: ನೋಡಿ ಬರುತ್ತೇನೆಂದು ಅರ್ಜಿ ಹಾಕುವವನನ್ನು, ಹಾಗಲ್ಲವೆಂದು ಅವನೇ ಸ್ಥಾಪಿಸುವವರೆಗೆ, ಅಲ್ಲಿಯೇ ನೆಲೆಸಲು ಬರುವವನೆಂದು ಭಾವಿಸತಕ್ಕದ್ದು. ಅಪರಾಧ ಹೊತ್ತವನಿಗೂ ನ್ಯಾಯಾಲಯ ‘ನಿರಪರಾಧಿ’ ಎಂಬ ಊಹೆಯ ರಕ್ಷಣೆಯನ್ನು ಕೊಡುತ್ತದೆ. ಇಲ್ಲಿ ಊಹೆ ಎದುರು ದಿಕ್ಕಿಗಿದೆ. ಇದನ್ನು ಬರಿಯ ದುರಾಗ್ರಹವೆಂದು ತಳ್ಳಿಹಾಕುವುದೂ ಸರಿಯಲ್ಲ. ನೋಡಲೆಂದು ಹೋಗಿ ಅವಧಿ ಮೀರಿ ಉಳಿದವರು ಎಲ್ಲ ದೇಶಗಳಲ್ಲಿಯೂ ಉಂಟು. ಅವರ ತಪ್ಪಿನ ನೆರಳು ಮುಂದಿನ ಅರ್ಜಿದಾರನ ಮೇಲೆ ಬೀಳುತ್ತದೆ. ಅದೇನೇ ಇದ್ದರೂ, ಎಪ್ಪತ್ತು ವರ್ಷ ಒಂದೇ ಊರಿನಲ್ಲಿ ಬಾಳಿದ ಹೆಂಗಸು, ‘ನಾನು ನನ್ನ ಊರನ್ನು ಬಿಡುವವಳಲ್ಲ’ ಎಂಬುದನ್ನು ಅಪರಿಚಿತನೊಬ್ಬನಿಗೆ ಕೆಲವೇ ನಿಮಿಷಗಳಲ್ಲಿ ಮನಗಾಣಿಸಬೇಕಾಗುತ್ತದೆ. ಅರ್ಜಿಯ ಶುಲ್ಕ 2023ರಲ್ಲಿ 185 ಡಾಲರಿಗೆ ಏರಿತು. ವೀಸಾ ದೊರೆಯದಿದ್ದರೂ ಆ ಹಣ ಮರಳುವುದಿಲ್ಲ. ಕೌಟಿಲ್ಯನ ಮಾಷಕವೂ ಹಾಗೆಯೇ ಬೊಕ್ಕಸ ಸೇರುತ್ತಿತ್ತು. ಆದರೆ ಅದಕ್ಕೆ ಪ್ರತಿಯಾಗಿ ಮುದ್ರೆ ಕೈಗೆ ಬರುತ್ತಿತ್ತು.

ಉದ್ದೇಶದ ಪ್ರಶ್ನೆಯಲ್ಲಿಯೂ ಒಂದು ತೊಡಕಿದೆ. ನಮ್ಮ ತಾಯಂದಿರಲ್ಲಿ ಅನೇಕರು ಹೋಗುವುದು ಮಗಳ ಬಾಣಂತನಕ್ಕೆ. ಅದು ವಿಹಾರವಲ್ಲ, ವ್ಯಾಪಾರವಲ್ಲ, ಕೂಲಿಯಂತೂ ಅಲ್ಲ. ಎಣ್ಣೆಸ್ನಾನ, ಖಾರದ ಸಾರು, ಕೂಸಿನ ಆರೈಕೆ, ಇದು ತವರಿನ ಋಣ. ಅರ್ಜಿಯ ನಮೂನೆಯಲ್ಲಿ ಈ ಋಣಕ್ಕೆ ಒಂದು ಕಲಮು ಇಲ್ಲ. ‘ಬಂಧುಗಳ ಭೇಟಿ’ ಎಂಬ ತೆಳುವಾದ ಮಾತಿನೊಳಗೆ ಅದನ್ನು ತುರುಕಬೇಕು. ಅಪ್ಪಣೆ ನಿರಾಕೃತವಾದರೆ ಹೆರಿಗೆ ಮುಂದಕ್ಕೆ ಹೋಗುವುದಿಲ್ಲ. ಮುಂದಿನ ತಾರೀಖು ಸಿಕ್ಕುವ ವೇಳೆಗೆ ಕೂಸು ಮಗುಚಿಕೊಂಡಿರುತ್ತದೆ. ನಷ್ಟ ಎಂಥದೆಂದು ಕೇಳಿದರೆ ಇದೇ ಉತ್ತರ.

ಕಾಲ ಕೆಲವನ್ನು ಹಗುರ ಮಾಡಿದೆ. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲಿಯೇ ಪಾಸ್‌ಪೋರ್ಟ್ ಸೇವೆ ಮೊದಲಾಯಿತು; ದೇಶದಲ್ಲಿ ಅಂಥ ಮೊದಲ ಎರಡು ಕೇಂದ್ರಗಳಲ್ಲಿ ಅದು ಒಂದು. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸಲೇಟಿನ ಉದ್ಘಾಟನೆಯಾಯಿತು, ವೀಸಾದ ಕೆಲಸ ಅಂದೇ ಆರಂಭವಾಗಲಿಲ್ಲವಾದರೂ. ದಾರಿ ಹತ್ತಿರವಾಗಬಹುದು, ಪ್ರಶ್ನೆಗಳು ಹತ್ತಿರವಾಗುವುದಿಲ್ಲ.

ಶ್ರೀರಂಗಪಟ್ಟಣದ ರಾಯಭಾರಿಗಳ ಬೆನ್ನಿಗೆ ಒಂದು ಸಿಂಹಾಸನವಿತ್ತು, ಅದರ ಮುದ್ರೆಯಿತ್ತು. ಆದರೂ ಅವರು ಬಸ್ರಾದಲ್ಲಿ ಕಾದರು. ಕಾಯುವುದರಲ್ಲಿ ಅವಮಾನವಿಲ್ಲವೆಂಬುದನ್ನು ಅವರ ಚರಿತ್ರೆಯಿಂದ ಕಲಿಯಬಹುದು. ಇಂದು ಕಿಟಕಿಯ ಮುಂದೆ ನಿಂತವರ ಬೆನ್ನಿಗೆ ಇರುವುದು ಎರಡೆಕರೆ ಗದ್ದೆ, ಮನೆದೇವರು, ನೆರೆಹೊರೆ. ಇವು ಪಹಣಿಯಲ್ಲಿ ಅರ್ಧ ಮಾತ್ರ ನಮೂದಾಗುತ್ತವೆ. ಅಧಿಕಾರಿಯ ಒಂದು ‘ಇಲ್ಲ’ ಆ ಕಾಗದಗಳ ಮೇಲಿನ ತೀರ್ಪೇ ಹೊರತು ಆ ಬಾಳಿನ ಮೇಲಿನ ತೀರ್ಪಲ್ಲ. ಹೈದರಾಲಿ ಒಬ್ಬ ಪಾದ್ರಿಯ ನಡತೆಯನ್ನು ನಂಬಿ ಬಾಗಿಲು ತೆರೆದ ಕಾಲ ಹೋಯಿತು. ರಾಜ್ಯಗಳು ಇಂದು ನಡತೆಯನ್ನು ಅರಿಯಲಾರವು, ಕಾಗದವನ್ನು ಮಾತ್ರ ಓದಬಲ್ಲವು. ಆದ್ದರಿಂದ ಕಾಗದವನ್ನು ಸರಿಯಾಗಿ ಇಟ್ಟುಕೊಳ್ಳೋಣ, ಉದ್ದೇಶವನ್ನು ಮರೆಮಾಚದೆ ಹೇಳೋಣ. ಮರಳುವ ಮಾತನ್ನು ಮಾತ್ರ ಕಾಗದಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುವುದು ಬೇಡ. ಅದನ್ನು ಉಳಿಸಿಕೊಳ್ಳುವ ಹೊಣೆ ಹೋಗಿ ಬರುವವರದು.